ಬೆಚ್ಚಗಿದ್ದರೆ ಕಾಣದ ದೋಷ

ಹಿಲ್ಕಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕುಹ್ಮೊ ಊರಿನ ಸುತ್ತಮುತ್ತ ಎಲ್ಲರಿಗೂ ಗೊತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ಅಪ್ಪನ ಗ್ಯಾರೇಜು ಅವಳ ಕೈಗೆ ಬಂತು. ಬಂದವರೆಲ್ಲ ಅವಳನ್ನೇ ನಿಲ್ಲಿಸಿ "ಮೆಕ್ಯಾನಿಕ್ ಎಲ್ಲಿದ್ದಾನಮ್ಮ?" ಎಂದು ಕೇಳುತ್ತಿದ್ದರು. ಅಂಥ ಮೂವತ್ತು ವರ್ಷ ಕಳೆದರೆ ಯಾರ ನಾಲಿಗೆಯಾದರೂ ಹರಿತವಾಗುತ್ತದೆ. ಆ ಜನವರಿಯಲ್ಲಿ ಅವಳ ತಲೆ ಕೆಡಿಸಿದ್ದು ಎಂಬತ್ತೊಂದು ವರ್ಷದ ಎನ್ಸಿಯೊ ಅವರ ಹಳೇ ಕಾರು.

ಓಡುತ್ತಿದ್ದ ಕಾರು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಕೆಲವು ಸಲ ಕಾಲು ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು, ಕೆಲವು ಸಲ ಇಲ್ಲ. ಮೂರು ಸಲ ಎಳೆದು ತಂದರು. ಮೂರು ಸಲವೂ ಹಿಲ್ಕ ಆ ಸೀಮೆಯ ಎಲ್ಲ ಮೆಕ್ಯಾನಿಕ್‌ಗಳ ಹಾಗೆ ಕಾರನ್ನು ಬೆಚ್ಚನೆಯ ಶೆಡ್ಡಿಗೆ ತಳ್ಳಿ, ಹಿಮ ಕರಗುವವರೆಗೆ ಕಾಫಿ ಕುಡಿದು, ಆಮೇಲೆ ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪಿಗೆ ಒತ್ತಡ ಅಳೆಯುವ ಗೇಜು ಹಾಕಿದಳು. ಒತ್ತಡ ಸರಿ, ರಿಲೇ ಸರಿ, ವೈರು ಸರಿ.

"ಕಾರಿಗೇನೂ ಆಗಿಲ್ಲ ಮಾಮ," ಎಂದಳು ಮೂರನೆಯ ಸಲ, ರೇಗಿ. "ಕೀ ನೀವೇ ತಿರುಗಿಸಿ ಆಫ್ ಮಾಡಿರ್ತೀರ. ನೆನಪಿರಲ್ಲ."

"ಇರಬೋದು," ಎಂದರು ಎನ್ಸಿಯೊ.

ಜೊತೆಗಿದ್ದ ಮಗಳು ಮಾರಿತ್ ನೆಲ ನೋಡಿದಳು. ವೈದ್ಯರು ಆಗಲೇ ಅಪ್ಪನಿಗೆ ಮರೆವಿನ ಪರೀಕ್ಷೆ ಬರೆದುಕೊಟ್ಟಿದ್ದರು. ಅದರಲ್ಲಿ ಸೋತು ಲೈಸೆನ್ಸು ಹೋದರೆ ಕೆರೆಯಂಚಿನ ಒಂಟಿ ಮನೆಯಿಂದ ನಲವತ್ತು ಕಿಲೋಮೀಟರು ದೂರದ ಆರೈಕೆ ಮನೆಗೆ ಬರುವುದು ಹೇಗೆ? ಅಲ್ಲಿ ಅವರ ಹೆಂಡತಿ ಲೆಂಪಿ ಇದ್ದಳು. ಮಧ್ಯಾಹ್ನದ ಊಟ ಗಂಡನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ.

ಮುಂದಿನ ವಾರ ಕಾರು ಮತ್ತೆ ನಿಂತಿತು. ಮೈನಸ್ ಇಪ್ಪತ್ತೆಂಟರ ಚಳಿಯಲ್ಲಿ ಐದು ಕಿಲೋಮೀಟರು ನಡೆದಿದ್ದ ಮುದುಕನನ್ನು ಟಪಾಲು ಹಂಚುವ ಕೈಸು ಎಂಬಾಕೆ ತನ್ನ ಗಾಡಿಗೆ ಹತ್ತಿಸಿಕೊಂಡಳು. ಆ ಸುದ್ದಿ ಹೇಳಲು ಗ್ಯಾರೇಜಿಗೂ ಬಂದಳು.

"ನಿಲ್ಲೋ ಮುಂಚೆ ಹಿಂದಿನ ಸೀಟಿನ ಕೆಳಗೆ ಏನೋ ಕೀಚಲು ಸದ್ದು ಬರುತ್ತಂತೆ."

"ನನ್ನ ಹತ್ರ ಯಾಕೆ ಬಾಯಿ ಬಿಡಲಿಲ್ಲ ಆ ಮುದುಕ?"

"ನೀನು ಕೇಳಲಿಲ್ವಂತೆ."

ಹಿಲ್ಕಳ ಮೈಯೆಲ್ಲ ಉರಿಯಿತು. ಕೀ ಆಫ್ ಮಾಡಿ ಮರೆತವನಿಗೆ ಸೀಟಿನ ಕೆಳಗಿರುವ ಪಂಪು ಒದ್ದಾಡುವ ಸದ್ದು ಕೇಳಿಸುವುದಿಲ್ಲ. ಕೇಳದಿದ್ದರೆ ಹೇಳಬಾರದೇ? ಐದು ಕಿಲೋಮೀಟರು ನಡೆದು ಸತ್ತರೂ ಈ ಊರಿನ ಗಂಡಸರು "ಏನಿಲ್ಲ ಬಿಡಿ" ಅನ್ನುತ್ತಾರೆ.

ಎಳೆದು ತಂದ ಕಾರನ್ನು ಈ ಸಲ ಒಳಗೆ ತಳ್ಳಲಿಲ್ಲ. ಎರಡು ದಿನ ಅಂಗಳದಲ್ಲೇ ಹೆಪ್ಪುಗಟ್ಟಲು ಬಿಟ್ಟಳು. ಪಂಪಿನ ಗೇಜನ್ನು ಮುಂಗಾಜಿನ ಹೊರಗೆ ಅಂಟಿಸಿ, ಬೆಳಿಗ್ಗೆ ತಾನೇ ಕೆರೆ ರಸ್ತೆಗೆ ಹೊರಟಳು. ಹದಿನೆಂಟನೆಯ ಕಿಲೋಮೀಟರಿನಲ್ಲಿ ಹಿಂದಿನಿಂದ ಕೀಚಲು ಸದ್ದು ಬಂತು, ಗೇಜಿನ ಮುಳ್ಳು ಇಳಿಯಿತು, ಕಾರು ನಿಂತಿತು. ಅಲ್ಲೇ ಹಿಂದಿನ ಸೀಟು ಎತ್ತಿ, ನೆಲದ ಮುಚ್ಚಳ ಬಿಚ್ಚಿ ಮರಗಟ್ಟಿದ ಬೆರಳಿನಲ್ಲಿ ಪಂಪನ್ನು ಎತ್ತಿದಳು. ಅದರ ಜಾಲರಿಯ ತುಂಬ ಮಂಜಿನ ಹರಳು.

ಟ್ಯಾಂಕಿನಲ್ಲಿ ನೀರು ಸೇರಿತ್ತು. ಓಡುವಾಗ ಅದರ ಹರಳು ಜಾಲರಿಗೆ ಮೆತ್ತುತ್ತಿತ್ತು, ನಿಂತ ಮೇಲೆ ಕೆಲವು ಸಲ ಕಳಚಿ ಬೀಳುತ್ತಿತ್ತು. ಹಿಂದೆ ಎನ್ಸಿಯೊ ಪ್ರತಿ ಚಳಿಗಾಲ ಟ್ಯಾಂಕಿಗೆ ಒಂದು ಬಾಟಲಿ ಸ್ಪಿರಿಟ್ ಸುರಿಯುತ್ತಿದ್ದರು. ನೀರು ಹೆಪ್ಪುಗಟ್ಟದಿರಲೆಂದು ಅಲ್ಲಿನ ಹಿರಿಯರು ಮಾಡುವ ಕೆಲಸ ಅದು. "ಅಜ್ಜಿ ಕಾಲದ ಮೂಢನಂಬಿಕೆ" ಎಂದು ಬೈದು ಬಿಡಿಸಿದವಳು ಇವಳೇ. ಪ್ರತಿ ಸಲ ಆ ಮಂಜನ್ನು ಬೆಚ್ಚಗೆ ಕರಗಿಸಿ, ದೋಷವಿಲ್ಲ ಎಂದು ತೀರ್ಪು ಕೊಟ್ಟವಳೂ ಇವಳೇ. ಸ್ಪ್ಯಾನರನ್ನು ಕಾಡಿನೊಳಗೆ ಬೀಸಿ ಎಸೆದಳು. ಆಮೇಲೆ ಮೊಣಕಾಲುದ್ದದ ಹಿಮದಲ್ಲಿ ಶಪಿಸುತ್ತ ಅದನ್ನು ಹುಡುಕಿದಳು.

ಜಾಲರಿ ಒದರಿ, ಪಂಪು ಕೂರಿಸಿ, ನೇರ ಎನ್ಸಿಯೊ ಮನೆಗೆ ಹೋದಳು.

"ದೋಷ ಕಾರಿನದೇ, ತಪ್ಪು ನನ್ನದು. ನಿಮ್ಮ ತಲೆ ನೆಟ್ಟಗಿದೆ. ಡಾಕ್ಟರಿಗೂ ನಾನೇ ಹೇಳ್ತೀನಿ."

"ಹೌದಾ," ಎಂದು ಮುದುಕ ಅವಳಿಗೆ ಕಾಫಿ ಬಗ್ಗಿಸಿದರು. "ಲೈಸೆನ್ಸು ನಿನ್ನೆ ಪೊಲೀಸರಿಗೆ ಒಪ್ಪಿಸಿ ಬಂದೆ."

"ಪರೀಕ್ಷೇನೇ ಆಗಿಲ್ವಲ್ಲ. ಯಾರು ಕೊಡಿ ಅಂದ್ರು? ಡಾಕ್ಟರಾ? ಮಾರಿತ್ ಅಂದ್ಲಾ?"

"ಯಾರೂ ಅನ್ಲಿಲ್ಲ. ಕಾರಿನ ವಿಷಯದಲ್ಲಿ ನೀನು ಯಾವತ್ತೂ ತಪ್ಪು ಹೇಳಿದವಳಲ್ಲ."

ಹಿಲ್ಕ ಕಾಫಿ ಮುಟ್ಟಲಿಲ್ಲ. ಗಡಿಯಾರ ಹನ್ನೊಂದು ಗಂಟೆ ತೋರಿಸುತ್ತಿತ್ತು.

"ಕೋಟು ಹಾಕ್ಕೊಳ್ಳಿ," ಎಂದಳು, ಬೈಯುವ ದನಿಯಲ್ಲೇ. "ಲೆಂಪಿಗೆ ಊಟದ ಹೊತ್ತಾಯ್ತು."