ಅಕ್ಕನ ಕಿವಿಗೆ ಬರೆಸಿದ ಓಲೆ

ಮೊನ್ನೆ ಗುಂಡ್ಲುಪೇಟೆಯಲ್ಲಿ ಅಕ್ಕನ ಮಗಳ ಮದುವೆಗೆಂದು ಭಾವನ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ಎದುರು ಸಾಲಿನ ಚಿತ್ರದಂಗಡಿಯ ಚಾಚಾ ನೆನಪಾದರು... ಎರಡು ಸಾವಿರದ ಇಸವಿಯ ಆಚೀಚೆ, ತೀರಿಹೋದವರ ಸಣ್ಣ ಫೋಟೋ ಕೊಟ್ಟರೆ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಬರೆದುಕೊಡುತ್ತಿದ್ದವರು. ಬೇಗೂರಿನಿಂದ ನಾನು ಅಕ್ಕನನ್ನು ನೋಡಲು ಬಂದಾಗಲೆಲ್ಲ ಕೂಗಿ, ಟೀ ಕುಡಿಸಿಯೇ ಕಳಿಸುತ್ತಿದ್ದರು.

ಅಕ್ಕ ಚಾಮರಾಜನಗರದ ಆಸ್ಪತ್ರೆಯಲ್ಲಿ ಕಾಮಾಲೆಯಿಂದ ತೀರಿಕೊಂಡಾಗ ನಮಗೆ ಸಿಕ್ಕಿದ್ದು ರೇಷನ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಸೆರಗು ಕಿವಿ ಮುಚ್ಚಿತ್ತು. ಚಾಚಾ ಸೆರಗು ಸರಿಸಿ, ಕಿವಿಯನ್ನು ತಾವು ಕಂಡಂತೆಯೇ ಬರೆದಿದ್ದರು. ಹಾಲೆ ಎರಡು ಸೀಳಾಗಿ, ಬರಿದಾಗಿ. ಭಾವ ಓಲೆಯನ್ನು ಕಿವಿ ಸಮೇತ ಎಳೆದ ದಿನ ಅಕ್ಕ ರಕ್ತ ಒರೆಸಿಕೊಂಡದ್ದು ಅವರ ಅಂಗಡಿಯ ಬಟ್ಟೆಯಲ್ಲೇ. ಕಲ್ಲಿಲ್ಲದ ಆ ಓಲೆಯನ್ನು ಭಾವ ಅಂದೇ ಮಾರಿದ. ಆಮೇಲೆ ಅವಳು ಓಲೆ ಇಟ್ಟದ್ದೇ ಇಲ್ಲ.

ಚಿತ್ರ ನೋಡಿದ ಭಾವ ಕುದ್ದುಹೋದ. "ಏನಯ್ಯಾ, ಇದಾ ನಿನ್ ಕಲೆ?"

"ನೋಡಿದ್ನ ಬರ್ದಿವ್ನಿ ಸ್ವಾಮಿ."

"ನೋಡಿದ್ನ ಹಿಡಿಯಕ್ಕೆ ಕ್ಯಾಮೆರಾ ಅದೆ ಕಣಯ್ಯ. ನೀನು ಆರ್ಟಿಸ್ಟು, ನಾನ್ ಹೇಳಿದ್ ಬರಿ. ಒಂದು ಕಲ್ಲಿನೋಲೆ ಇಕ್ಬುಡು."

ಚಾಚಾ ನನ್ನ ಕಡೆ ತಿರುಗಿದರು. "ನೀನೇಳವ್ವ. ನೀನು ಬ್ಯಾಡ ಅಂದ್ರೆ ನಾ ಬ್ರಶ್ ಮುಟ್ಟಕ್ಕಿಲ್ಲ."

ಅಕ್ಕನ ಮೂರು ವರ್ಷದ ಮಗು ಭಾವನ ತೋಳಲ್ಲಿತ್ತು. ಬೇಡ ಅಂದರೆ ಅದರ ಮುಖ ನೋಡಲೂ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು.

"ಇಕ್ಬುಡಿ ಚಾಚಾ," ಅಂದೆ.

ಇಟ್ಟರು. ಕೆಂಪು ಕಲ್ಲು, ಅದರ ಮೇಲೊಂದು ಬೆಳಕಿನ ಚುಕ್ಕೆ... ತಿಥಿಗೆ ಬಂದವರೊಬ್ಬರು, "ಕಲೆ ಅಂದ್ರೆ ಇದು ಕಣಮ್ಮಿ, ಓಲೇನ ಕೈಲೇ ಬಿಚ್ಕೋಬೋದು ಅನ್ನಂಗದೆ" ಅಂದರು. ಭಾವನೂ ನಕ್ಕ.

ಮತ್ತೆಂದೂ ಚಾಚಾ ನನ್ನನ್ನು ಟೀಗೆ ಕೂಗಲಿಲ್ಲ. ನಾನೂ ರಸ್ತೆಯ ಆಚೆ ಬದಿಯಿಂದಲೇ ನಡೆದೆ. ಅವರು ತೀರಿಹೋದ ಸುದ್ದಿಯನ್ನು ಎಷ್ಟೋ ದಿನದ ಮೇಲೆ ಬಸ್ಸಿನಲ್ಲಿ ಯಾರೋ ಹೇಳಿದರು.

ಮೊನ್ನೆ, ಬಣ್ಣ ಹೊಡೆಯಲೆಂದು ಇಳಿಸಿದ ಆ ಚಿತ್ರವನ್ನು ಒರೆಸುತ್ತ ಮದುಮಗಳು ಕೇಳಿದಳು. "ಚಿಕ್ಕಿ, ಅಮ್ಮನ ಈ ಓಲೆ ಆಸ್ಪತ್ರೆಲಿ ನೀನೇ ಬಿಚ್ಚಿಟ್ಕೊಂಡೆ ಅಂತ ಅಪ್ಪ ಹೇಳ್ತು. ಧಾರೆಗಾದ್ರೂ ಕೊಡು."

ಅಂಥ ಓಲೆಯೇ ಇರಲಿಲ್ಲ ಕಣಮ್ಮಿ ಅಂದೆ. ಅವಳು ಚಿತ್ರವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

ಇರಲಿಲ್ಲವೆಂದು ಹೇಳಬಲ್ಲವರು ಒಬ್ಬರಿದ್ದರು... ಅವರಿಲ್ಲ. ಇದ್ದಾಗ, ಅವರ ಕೈಯಲ್ಲೇ ಅದನ್ನು ಬರೆಸಿದವಳು ನಾನು.