ಮಿರಾನ್ ಕಣ್ಣಿಗೆ ಬಿದ್ದ ಹುಡುಗಿ

ಮಾಸಾನ್ ಬಂದರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕೆಳಗೆ ಮೀನು ಹರಾಜು ಕೂಗುವವರ ಗದ್ದಲ ಗುಡ್ಡದ ಮೇಲಿನ ತರಬೇತಿ ಸಭಾಂಗಣದವರೆಗೂ ಕೇಳಿಸುತ್ತದೆ. ಒಳಗೆ ಹುಡುಗಿಯರು ನಿದ್ದೆಗಣ್ಣಿನಲ್ಲೇ ಬಂದು ಬೂಟಿನ ಲೇಸು ಬಿಗಿಯುತ್ತಿದ್ದಾರೆ. ಮೇಲಿನ ಸಾಲಿನ ಮೂಲೆಯ ಕುರ್ಚಿಯಲ್ಲಿ, ದಪ್ಪ ಕೋಟಿನೊಳಗೆ ಕುತ್ತಿಗೆ ಹುದುಗಿಸಿಕೊಂಡು ಕೂತ ಹೆಂಗಸೊಬ್ಬರು ಫ್ಲಾಸ್ಕಿನಿಂದ ಬಾರ್ಲಿ ನೀರು ಬಗ್ಗಿಸಿಕೊಳ್ಳುತ್ತಾರೆ. ಕೆಳಗೆ ಚೆಂಡು ಎಡಕ್ಕೆ ಹೋದರೆ ಅವರ ಕಣ್ಣು ಬಲಕ್ಕೆ ಹೋಗುತ್ತದೆ.

ಅವರು ಮಾ ಮಿರಾನ್, ಐವತ್ತೈದು ವರ್ಷ. ಮಾಸಾನ್‌ನ ವೃತ್ತಿಪರ ಮಹಿಳಾ ಬಾಸ್ಕೆಟ್‌ಬಾಲ್ ತಂಡ ‘ಬೆಳ್ಳಕ್ಕಿ’ಗೆ ಹೊಸ ಆಟಗಾರ್ತಿಯರನ್ನು ಹುಡುಕಿ ಕೊಡುವ ಸ್ಕೌಟ್ ಕೆಲಸ ಅವರದು. ತಂಡದ ಫೋಟೊದಲ್ಲಿ ಅವರಿಲ್ಲ. ಗೆದ್ದ ಮರುದಿನದ ಪತ್ರಿಕೆಯಲ್ಲೂ ಇರುವುದಿಲ್ಲ. ವರ್ಷಕ್ಕೆ ಶಾಲಾ ಪಂದ್ಯಗಳಲ್ಲಿ ನೂರಾರು ಹುಡುಗಿಯರನ್ನು ನೋಡುತ್ತಾರೆ. ಅವರಲ್ಲಿ ಇಬ್ಬರೋ ಮೂವರೋ ಈ ಸಭಾಂಗಣದವರೆಗೆ ಬರುತ್ತಾರೆ.

“ಚೆಂಡು ಕೈಲಿದ್ದಾಗ ಎಲ್ಲರೂ ಚೆನ್ನಾಗೇ ಕಾಣ್ತಾರೆ” ಅನ್ನುತ್ತಾರೆ ಮಿರಾನ್. “ಚೆಂಡು ಇಲ್ಲದಾಗ ಏನು ಮಾಡ್ತಾಳೆ ನೋಡಿ. ಸುಮ್ನೆ ನಿಂತ್ಕೊಂಡು ಬೆವರು ಒರೆಸ್ಕೊಳ್ತಾಳಾ, ಮುಂದಿನ ಜಾಗಕ್ಕೆ ಆಗಲೇ ಹೊರಟಿದ್ದಾಳಾ? ನಂಗೆ ಬೇಕಾಗಿರೋದು ಅಷ್ಟೇ.”

ಈ ಬೆಳಗ್ಗೆ ಅವರು ನೋಡುತ್ತಿರುವುದು ಓಕ್ ಸೆರಿನ್ ಎಂಬ ಹತ್ತೊಂಬತ್ತರ ಹುಡುಗಿಯನ್ನು. ಹೋದ ವರ್ಷದ ಡ್ರಾಫ್ಟಿನಲ್ಲಿ, ಅಂದರೆ ಕ್ಲಬ್ಬುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಆ ದಿನ, ಬೆಳ್ಳಕ್ಕಿ ತಂಡ ಇವಳನ್ನು ಆರಿಸಿಕೊಂಡದ್ದು ಮಿರಾನ್ ಮಾತಿನ ಮೇಲೆ. ಆರಿಸಿದ ಮೇಲೆ ಸ್ಕೌಟ್ ಕೆಲಸ ಮುಗಿಯಿತಲ್ಲ, ಈ ಚಳಿಯಲ್ಲಿ ಇಲ್ಲೇಕೆ ಕೂತಿದ್ದೀರಿ ಎಂದರೆ ಅವರಿಗೆ ನಗು ಬರುತ್ತದೆ. “ಹೆಣ್ಣು ನೋಡಿ ಬಂದ ಮಾತ್ರಕ್ಕೆ ಸಂಸಾರ ನಡೆಯುತ್ತಾ? ಬೆಳೆಯೋದನ್ನೂ ನೋಡ್ಬೇಕು. ಇಲ್ಲಾಂದ್ರೆ ಮುಂದಿನ ಸಲ ಏನು ನೋಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?”

ಮಿರಾನ್ ಸ್ವತಃ ಆಡುತ್ತಿದ್ದವರು. ಹೈಸ್ಕೂಲು ಮುಗಿಯುತ್ತಲೇ ಬ್ಯಾಂಕೊಂದರ ತಂಡ ಸೇರಿದರು. ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಕೌಂಟರಿನಲ್ಲಿ ಕೆಲಸ, ಸಂಜೆ ಮತ್ತೆ ಅಭ್ಯಾಸ. ದೇಶದ ಹಣ ಕುಸಿದ ಆ ವರ್ಷ ಬ್ಯಾಂಕು ಮೊದಲು ಕೈಬಿಟ್ಟದ್ದು ಬಾಸ್ಕೆಟ್‌ಬಾಲ್ ತಂಡವನ್ನು. “ಊಟದ ಮನೇಲಿದ್ವಿ. ಚಮಚ ಕೈಲೇ ಇತ್ತು. ಒಬ್ಬರು ಬಂದು, ನಾಳೆಯಿಂದ ತಂಡ ಇಲ್ಲ ಅಂದ್ರು. ಸಾರು ಆರೋ ಮೊದಲು ನನ್ನ ಆಟ ಮುಗಿದಿತ್ತು.” ಆಗ ಅವರಿಗೆ ಇಪ್ಪತ್ತೇಳು.

ಆಮೇಲೆ ಅಕ್ಕನ ಜತೆ ಬಸ್ ನಿಲ್ದಾಣದ ಮುಂದೆ ಕಿಂಬಾಪ್ ಎಂಬ ಅನ್ನದ ಸುರುಳಿ ಸುತ್ತಿ ಮಾರಿದರು. ಬಡಾವಣೆಯ ವ್ಯಾಯಾಮ ಶಾಲೆಯಲ್ಲಿ ಗೃಹಿಣಿಯರಿಗೆ ಚೆಂಡು ಹಿಡಿಯುವುದನ್ನು ಕಲಿಸಿದರು. ಹಳೆಯ ಜತೆಗಾತಿಯೊಬ್ಬಳು ಕರೆದಳೆಂದು ಬೆಳ್ಳಕ್ಕಿ ತಂಡದ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದವರು, ಮೆಲ್ಲಗೆ ಆಟಗಾರ್ತಿಯರನ್ನು ಅಳೆಯುವ ಕೆಲಸಕ್ಕೆ ಹೊರಳಿದರು. ಅವರ ಗಂಡ ದೋಣಿ ಎಂಜಿನ್ ಮೆಕ್ಯಾನಿಕ್, ಮಾತು ಖಾರ. “ಇವಳು ಊರವರ ಮಕ್ಕಳನ್ನ ನೋಡೋಕೆ ಹೋಗಿ, ಸ್ವಂತ ಮಗಳ ಮದುವೆಗೆ ತಡವಾಗಿ ಬಂದ್ಲು” ಎಂದು ಹೇಳಿ, “ಬರ್ತಿದ್ದ ಹಾಗೇ ಬೀಗರ ಕಡೆಯ ಹುಡುಗಿ ಕೈ ಉದ್ದ ಇದೆ, ಆಟಕ್ಕೆ ಸರಿ ಅಂತ ಬೇರೆ ಹೇಳಿದ್ಲು” ಎಂದು ಸೇರಿಸುತ್ತಾರೆ.

ಸೆರಿನ್ ಮೊದಲು ಮಿರಾನ್ ಕಣ್ಣಿಗೆ ಬಿದ್ದದ್ದು ಶಾಲೆಗಳ ಪಂದ್ಯವೊಂದರಲ್ಲಿ. ಗಜೆ ದ್ವೀಪದ ಅವಳ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗಿಯರಿದ್ದದ್ದೇ ಆರು ಜನ. ಆ ದಿನ ಒಬ್ಬಳ ಕಾಲು ಉಳುಕಿತು, ಇನ್ನೊಬ್ಬಳು ಫೌಲ್ ಮಾಡಿ ಹೊರಬಿದ್ದಳು. ಎದುರಾಳಿಗಳು ಐವರು, ಇವರು ನಾಲ್ವರು. ಸೆರಿನ್ ಆ ನಾಲ್ವರನ್ನು ಚದುರಂಗದ ಕಾಯಿಗಳಂತೆ ಸರಿಸುತ್ತ ಕೊನೆಯವರೆಗೂ ಹಿಡಿದು ನಿಂತಳು. ಸೋತರು, ಆದರೆ ಗೆದ್ದವರು ಏದುಸಿರು ಬಿಡುತ್ತಿದ್ದರು.

ಡ್ರಾಫ್ಟಿನಲ್ಲಿ ಮಾಸಾನ್‌ಗೆ ಸಿಕ್ಕಿದ್ದು ಮೂರನೆಯ ಸರದಿ. ಸಿಯೋಲ್‌ನ ನಾಮ್‌ಗುಂಗ್ ಯುಲ್ ಎಂಬ ಆರಡಿ ದಾಟಿದ ಹುಡುಗಿ ಆ ಹೊತ್ತಿಗೂ ಉಳಿದಿದ್ದಳು. ಕೈಗೆ ಬಂದ ತುತ್ತು ಬಾಯಿಗೂ ಬಂತು ಎಂದುಕೊಂಡಿದ್ದರು ಎಲ್ಲರೂ. ಕೋಚ್ ಗಿಲ್ ದೊಂಗ್‌ಸು ಪಕ್ಕಕ್ಕೆ ಬಾಗಿ ಕೇಳಿದರು.

“ಮಾ ಅಕ್ಕ, ಇನ್ನೊಂದ್ಸಲ ಕೇಳ್ತೀನಿ. ಖಚಿತಾನಾ?”

“ಖಚಿತ.”

“ಅಷ್ಟೆತ್ತರದವಳು ಸಿಕ್ತಿದ್ದಾಳೆ ಕಣಕ್ಕ.”

“ಎತ್ತರ ಬೇಕಿದ್ರೆ ಏಣಿ ತಗೊಳ್ಳಿ. ನಿಮಗೀಗ ಚೆಂಡು ಹಂಚೋಳು ಬೇಕು.”

ಗಿಲ್ ನಿಟ್ಟುಸಿರು ಬಿಟ್ಟು ವೇದಿಕೆ ಹತ್ತಿ ಓಕ್ ಸೆರಿನ್ ಹೆಸರು ಓದಿದರು. ಸಭೆಯಲ್ಲಿ ಗುಜುಗುಜು ಎದ್ದಿತು.

ಮೊದಲ ವರ್ಷ ಆ ಗುಜುಗುಜು ನಗೆಯಾಯಿತು. ಸೆರಿನ್ ಬಹುಪಾಲು ಬೆಂಚಿನ ಮೇಲೇ ಕೂತಳು. ಅಂಕಣಕ್ಕೆ ಇಳಿದಾಗಲೂ ಅವಳು ಕೊಟ್ಟ ಪಾಸು ಯಾರೂ ಇಲ್ಲದ ಕಡೆ ಹೋಗಿ ಗೋಡೆಗೆ ಬಡಿಯುತ್ತಿತ್ತು. ಅತ್ತ ನಾಮ್‌ಗುಂಗ್ ಯುಲ್ ಬೇರೆ ತಂಡದಲ್ಲಿ ಪಂದ್ಯದ ಮೇಲೆ ಪಂದ್ಯ ಮಿಂಚುತ್ತಿದ್ದಳು. ಮಾಸಾನ್‌ನವರ ಕಣ್ಣಿಗೆ ಕನ್ನಡಕ ಹಾಕಿಸಿ ಎಂದು ಅಭಿಮಾನಿಗಳು ಅಂತರ್ಜಾಲದಲ್ಲಿ ಬರೆದರು. ತಂಡದ ಭೋಜನಕೂಟದಲ್ಲಿ ವ್ಯವಸ್ಥಾಪಕರೊಬ್ಬರು ಲೋಟ ಎತ್ತಿ, “ಮಾ ಮೇಡಂ, ಆ ಏಣಿ ಎಲ್ಲಿ ಸಿಗುತ್ತೆ ಹೇಳಿ, ನಾಳೇನೇ ತರಿಸ್ಬಿಡೋಣ” ಅಂದರು. ಎಲ್ಲರಿಗಿಂತ ಜೋರಾಗಿ ಮಿರಾನ್ ತಾವೇ ನಕ್ಕರು.

“ಯುಲ್ ಚೆನ್ನಾಗಿ ಆಡ್ತಾಳೆ, ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ?” ಅನ್ನುತ್ತಾರೆ ಈಗ. “ಬೆಳೆಯೋ ಸಿರಿ ಮೊಳಕೇಲಿ ಅಂತಾರಲ್ಲ, ಮೊಳಕೆ ನಾನು ನೋಡಿದ್ದೆ. ಅದರಲ್ಲಿ ನಂಗೆ ಅನುಮಾನ ಇರ್ಲಿಲ್ಲ. ಮಣ್ಣಲ್ಲಿ ಏನೋ ಹಿಡಿಸ್ತಿಲ್ಲ, ಅದು ಏನು ಅಂತ ಮಾತ್ರ ಗೊತ್ತಾಗ್ತಿರ್ಲಿಲ್ಲ.”

ವಸಂತದ ಒಂದು ಬೆಳಗ್ಗೆ ಸೆರಿನ್ ಹಾಸಿಗೆ ಮಡಚಿಟ್ಟು ಹಾಸ್ಟೆಲಿನಿಂದ ಹೊರಟುಹೋದಳು. ಊರಿಗೆ ಬಂದಿದ್ದೇನೆ, ಮತ್ತೆ ಬರುವುದಿಲ್ಲ ಎಂದು ಸಂಜೆ ಫೋನು ಮಾಡಿದಳು. ಗಿಲ್ ಕೋಪದಲ್ಲಿ ಕುದಿಯುತ್ತಿದ್ದರು. ವಾರದೊಳಗೆ ಬರದಿದ್ದರೆ ಆಟ ಬಿಟ್ಟಳೆಂದು ಲೀಗಿಗೆ ತಿಳಿಸಬೇಕು; ಆಮೇಲೆ ಬೇಕೆಂದರೂ ಬೇರೆ ತಂಡವೂ ಸುಲಭಕ್ಕೆ ಬಾಗಿಲು ತೆರೆಯುವುದಿಲ್ಲ.

“ನಾನು ಹೋಗಿ ಬರ್ತೀನಿ” ಅಂದರು ಮಿರಾನ್.

“ಎಳ್ಕೊಂಡು ಬರೋಕಾ?”

“ನೋಡೋಕೆ. ನನ್ನ ಕೆಲಸ ಅದೇ ತಾನೆ?”

ಗಜೆಯಲ್ಲಿ ಸೆರಿನ್ ತಾಯಿ ಯೊಮ್ ಬೊಕ್‌ಸುನ್ ಅವರದು ಹಡಗು ತಯಾರಿಸುವ ಹಡಗುಕಟ್ಟೆಯ ಗೇಟಿನ ಎದುರು ಹಂದಿಸಾರು ಅನ್ನದ ಹೋಟೆಲು. ಮಿರಾನ್ ಒಳಗೆ ಕಾಲಿಡುವಾಗ ಮಧ್ಯಾಹ್ನದ ಸೈರನ್ ಇನ್ನೇನು ಕೂಗಬೇಕು. ಹಂಡೆಯ ಹಬೆಯ ಹಿಂದಿನಿಂದಲೇ ತಾಯಿ ಗುರುತು ಹಿಡಿದರು.

“ಬಂದ್ರಾ? ನನ್ನ ಮಗಳನ್ನ ರಾಣಿ ಮಾಡ್ತೀನಿ ಅಂತ ಕರ್ಕೊಂಡ್ಹೋದ್ರಿ. ಒಂದು ವರ್ಷ ಬೆಂಚು ಬಿಸಿ ಮಾಡಿಸಿ ಕಳಿಸಿದ್ರಿ.”

“ರಾಣಿ ಅಂದಿರ್ಲಿಲ್ಲ ಬೊಕ್‌ಸುನ್ ಅವ್ರೇ. ಆಟಗಾರ್ತಿ ಅಂದಿದ್ದೆ.”

“ಎರಡೂ ಆಗ್ಲಿಲ್ವಲ್ಲ! ಕೂತ್ಕೊಳ್ಳಿ ಅಲ್ಲಿ. ತಿನ್ನದೆ ಎದ್ದು ಹೋಗ್ಬೇಡಿ, ಬೈಯೋದು ಇನ್ನೂ ಬಾಕಿ ಇದೆ.”

ಸೈರನ್ ಕೂಗಿತು. ನೀಲಿ ಸಮವಸ್ತ್ರದ ವೆಲ್ಡರುಗಳು ಕಟ್ಟೆ ಒಡೆದ ನೀರಿನಂತೆ ನುಗ್ಗಿದರು. ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದ ಸೆರಿನ್, ಮಿರಾನ್ ಅವರನ್ನು ಕಂಡು ಒಂದು ಗಳಿಗೆ ಕಲ್ಲಾಗಿ ನಿಂತಳು. ಆದರೆ ಮೇಜುಗಳು ಕಾಯುವುದಿಲ್ಲ.

“ಚಿಕ್ಕಮ್ಮಾ, ಕಿಟಕಿ ಮೇಜಿನವರು ಏಳ್ತಿದ್ದಾರೆ, ಒರೆಸು! ಅಣ್ಣಾ, ನೀವು ನಾಲ್ಕು ಜನ ಒಳಗಡೆ! ಏ ಮಾವ, ಬಾಗಿಲಲ್ಲಿ ನಿಂತು ಹರಟೆ ಹೊಡೀಬೇಡ, ಹಿಂದೆ ಬಿಸಿಸಾರು ಬರ್ತಿದೆ!”

ಅಪ್ಪನ ವಯಸ್ಸಿನ ಗಂಡಸರು ನಗುತ್ತ ಅವಳು ತೋರಿಸಿದ ಕಡೆ ಸರಿದರು. ಯಾರು ಏಳುತ್ತಾರೆಂದು ಮೊದಲೇ ಅವಳಿಗೆ ಗೊತ್ತು. ಯಾರು ಎಲ್ಲಿ ಕೂರಬೇಕೆಂಬುದು ಅವರು ಬಾಗಿಲು ದಾಟುವ ಮೊದಲೇ ಅವಳ ಬಾಯಲ್ಲಿರುತ್ತದೆ. ಮಿರಾನ್ ಕೈಯ ಚಮಚ ಅರ್ಧದಲ್ಲೇ ನಿಂತಿತು.

ಜನ ಕರಗಿದ ಮೇಲೆ ಸೆರಿನ್ ಎದುರಿಗೆ ಬಂದು ಕೂತಳು. ಕಣ್ಣು ಮೇಜಿನ ಮೇಲೆ.

“ಕರ್ಕೊಂಡ್ಹೋಗೋಕೆ ಬಂದ್ರಾ ಮೇಡಂ?”

“ಸಾರು ತಿನ್ನೋಕೆ ಬಂದೆ. ಒಂದು ಮಾತು ಕೇಳ್ತೀನಿ. ಅಲ್ಲಿ ನಿನ್ನ ಬಾಯಿಗೆ ಏನಾಗಿತ್ತು?”

“ಬಾಯಿಗಾ?”

“ಇಲ್ಲಿ ಹಡಗುಕಟ್ಟೆಗೇ ಕೇಳೋ ಹಾಗೆ ಕೂಗ್ತೀಯ. ಅಂಕಣದಲ್ಲಿ ಒಂದು ವರ್ಷ ನಿನ್ನ ದನಿ ಯಾರೂ ಕೇಳಿಲ್ಲ.”

ಸೆರಿನ್ ಮೇಜಿನ ಮೇಲೆ ಚೆಲ್ಲಿದ್ದ ಸಾರು ಒರೆಸಿದಳು. ಆಮೇಲೆ ಒಮ್ಮೆಲೇ ಹೊರಬಂತು. “ಇಲ್ಲಿ ಎಲ್ಲರೂ ನಮ್ಮೋರು. ಅಲ್ಲಿ ಎಲ್ಲರೂ ಅಕ್ಕಂದಿರು. ನಾನೇ ಎಲ್ಲರಿಗಿಂತ ಚಿಕ್ಕೋಳು. ಕ್ಯಾಪ್ಟನ್ ಸೊಹೀ ಅಕ್ಕ ಆಡೋದನ್ನ ಟೀವೀಲಿ ನೋಡ್ತಾ ಬೆಳೆದೋಳು ನಾನು. ‘ಅಕ್ಕಾ, ದಯವಿಟ್ಟು ಸ್ವಲ್ಪ ಎಡಗಡೆ ಬರ್ತೀರಾ’ ಅಂತ ಹೇಳಿ ಮುಗಿಸೋ ಹೊತ್ತಿಗೆ ಚೆಂಡು ಆಚೆಯವರ ಕೈಲಿರುತ್ತೆ. ‘ಬಾ’ ಅನ್ನೋಕೆ ನಂಗೆ ಬಾಯೇ ಬರಲ್ಲ ಮೇಡಂ. ಅದಕ್ಕೇ ಸುಮ್ನೆ ಎಸೀತೀನಿ. ಅಲ್ಲಿ ಅವರಿರಲ್ಲ.”

ಮಿರಾನ್ ಮೊದಲು ನಕ್ಕುಬಿಟ್ಟರು. ಆಮೇಲೆ ಹುಡುಗಿಯ ಕಣ್ಣಲ್ಲಿ ನೀರು ಕಂಡು ನಗು ನಿಂತಿತು. ಶಾಲೆಯ ಪಂದ್ಯದಲ್ಲಿ ನಾಲ್ವರನ್ನು ಸರಿಸಿದ್ದು ಇದೇ ದನಿ ಎಂಬುದು ಅವರಿಗೆ ಆಗ ಹೊಳೆಯಿತು. “ನಾನು ಯಾವಾಗ್ಲೂ ದೂರದ ಮೂಲೇಲಿ ಕೂರೋಳು. ಪೂರ್ತಿ ಅಂಕಣ ಕಾಣ್ಬೇಕಲ್ಲ. ಹುಡುಗಿ ಏನು ಮಾಡ್ತಾಳೆ ಅಂತ ಕಾಣ್ತಿತ್ತು, ಏನು ಹೇಳ್ತಾಳೆ ಅಂತ ಕೇಳ್ತಿರ್ಲಿಲ್ಲ. ಈಗ ಅರ್ಧ ಪಂದ್ಯವಾದ್ರೂ ದನಿ ಕೇಳೋವಷ್ಟು ಹತ್ತಿರ ಹೋಗಿ ಕೂರ್ತೀನಿ” ಅನ್ನುತ್ತಾರೆ.

ಹೊರಡುವಾಗ ಅವರು ಬಾ ಎಂದು ಕರೆಯಲಿಲ್ಲ. “ಬಾಯಿಯ ವಿಷಯ ನಾನು ನೋಡ್ಕೊಳ್ತೀನಿ. ಕಾಲಿನ ವಿಷಯ ನೀನು ಯೋಚನೆ ಮಾಡು” ಎಂದಷ್ಟೇ ಹೇಳಿದರು. ಬೈಯುವುದು ಬಾಕಿಯಿದ್ದ ತಾಯಿ, ಬೈಯುತ್ತಲೇ ಕಾರಿನಲ್ಲಿ ಕೋಸಿನ ಉಪ್ಪಿನಕಾಯಿ ಕಿಮ್ಚಿಯ ಡಬ್ಬ ಇಟ್ಟರು.

ಮಾಸಾನ್‌ಗೆ ಮರಳಿದ ಮಿರಾನ್ ನೇರ ಹೋದದ್ದು ತಂಡದ ನಾಯಕಿ ಬಾಂಗ್ ಸೊಹೀ ಬಳಿಗೆ. ಮೂವತ್ಮೂರರ ಸೊಹೀ ಕಥೆ ಕೇಳಿ ತಲೆ ಚಚ್ಚಿಕೊಂಡಳು. “ಅಯ್ಯೋ, ಆ ಹುಡುಗೀಗೆ ಸೊಕ್ಕು, ಅದಕ್ಕೇ ಮಾತಾಡಲ್ಲ ಅಂದ್ಕೊಂಡಿದ್ದೆ ನಾನು!” ದಾರಿ ಹೇಳಿದವಳೂ ಅವಳೇ. ಅಂಕಣದ ಬಿಳಿ ಗೆರೆಯ ಒಳಗೆ ಅಕ್ಕ ಇಲ್ಲ, ತಂಗಿ ಇಲ್ಲ, ‘ನೀವು’ ಇಲ್ಲ. ಎಲ್ಲರಿಗೂ ಎಲ್ಲರೂ ‘ನೀನು’. ಗೆರೆ ದಾಟಿದರೆ ಮತ್ತೆ ಹಳೆಯ ಪದ್ಧತಿ.

ಕೋಚ್ ಗಿಲ್‌ಗೆ ಇದು ಹಿಡಿಸಲಿಲ್ಲ. “ಹೀಗೆ ಬಿಟ್ರೆ ನಾಳೆ ನನ್ನನ್ನೂ ‘ನೀನು’ ಅಂತಾರೆ.”

“ಗೆರೆ ಒಳಗೆ ಬಂದ್ರೆ ಅಂತೀವಿ ಸರ್” ಅಂದಳು ಸೊಹೀ. “ಆಚೆ ನಿಂತ್ಕೊಳ್ಳಿ.”

ವಾರ ಮುಗಿಯಲು ಒಂದು ದಿನವಿದ್ದಾಗ ಸೆರಿನ್ ಚೀಲ ಹೆಗಲಿಗೇರಿಸಿಕೊಂಡು ಬಂದಿಳಿದಳು. ಗಿಲ್ ಎಲ್ಲರೆದುರು ಸರಿಯಾಗಿ ಗದರಿಸಿದರು. ತಲೆ ತಗ್ಗಿಸಿ ಕೇಳಿಸಿಕೊಂಡಳು. ಮರುದಿನದ ಅಭ್ಯಾಸದಲ್ಲಿ ಚೆಂಡು ಕೈಗೆ ಬಂತು. “ಸೊಹೀ ಅಕ್ಕಾ, ಎಡಕ್ಕೆ ಬನ್ನಿ... ಬಾ... ಬಾರೇ!” ಎಂದು ಕಿರುಚಿದಳು. ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೊಹೀ ನಗುತ್ತಲೇ ಎಡಕ್ಕೆ ಓಡಿದಳು, ಚೆಂಡು ಅಲ್ಲಿ ಅವಳಿಗಾಗಿ ಕಾದಿತ್ತು. ಆ ವಾರ ಪೂರ್ತಿ ಸೆರಿನ್ ಗೆರೆ ದಾಟಿ ಹೊರಬಂದಾಗಲೆಲ್ಲ ಒಬ್ಬೊಬ್ಬ ಅಕ್ಕನಿಗೂ ಬಗ್ಗಿ ಕ್ಷಮೆ ಕೇಳಿದಳು. ಕೊನೆಗೆ, ಕ್ಷಮೆ ಕೇಳಿದವರು ಹತ್ತು ಸುತ್ತು ಓಡಬೇಕು ಎಂದು ಸೊಹೀ ಗದರಿಸಿದ ಮೇಲೆ ನಿಂತಿತು.

ಈ ಋತುವಿನಲ್ಲಿ ಅವಳು ಪ್ರತಿ ಪಂದ್ಯದಲ್ಲೂ ಅರ್ಧ ಹೊತ್ತಾದರೂ ಅಂಕಣದಲ್ಲಿರುತ್ತಾಳೆ. ತಾರೆಯೇನೂ ಆಗಿಲ್ಲ. ರಕ್ಷಣೆಯಲ್ಲಿ ಗಟ್ಟಿಮುಟ್ಟಾದವರು ಭುಜದಿಂದ ತಳ್ಳಿದರೆ ಈಗಲೂ ದೂರ ಸರಿದುಬಿಡುತ್ತಾಳೆ, ದೂರದಿಂದ ಎಸೆದ ಚೆಂಡು ಇನ್ನೂ ಅವಳ ಮಾತು ಕೇಳುವುದಿಲ್ಲ. ಮಿರಾನ್ ಇದನ್ನೆಲ್ಲ ಮುಚ್ಚಿಡುವವರಲ್ಲ. “ಭುಜದ ಬಲ ಎರಡು ವರ್ಷದಲ್ಲಿ ಬರುತ್ತೆ, ಶೂಟಿಂಗು ಅಭ್ಯಾಸದಿಂದ ಬರುತ್ತೆ. ಮುಂದೆ ಏನಾಗುತ್ತೆ ಅಂತ ಮೊದಲೇ ಕಾಣೋದಿದೆಯಲ್ಲ, ಅದನ್ನ ನಾವು ಯಾರಿಗೂ ಕಲಿಸೋಕಾಗಲ್ಲ. ಅದು ಅವಳ ಹತ್ರ ಇದೆ. ಇಪ್ಪತ್ತೈದಾಗ್ಲಿ, ಈ ತಂಡ ನಡೆಸೋಳು ಅವಳೇ. ಬೇಕಾದ್ರೆ ಆಗ ಬಂದು ನನ್ನ ಕೇಳಿ.”

ಶನಿವಾರ ಸಂಜೆ ಮಾಸಾನ್‌ನಲ್ಲಿ ಪಂದ್ಯ, ಎದುರಾಳಿ ನಾಮ್‌ಗುಂಗ್ ಯುಲ್ ಇರುವ ತಂಡ. ಮಿರಾನ್ ಟಿಕೆಟ್ಟು ಕೊಂಡು ಬಂದ ಜನರ ನಡುವೆ, ಕೆಳಗಿನ ಸಾಲಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಎಳೆ ಎಳೆಯಾದ ಒಣ ಸ್ಕ್ವಿಡ್ ಮೀನು ಜಗಿಯುತ್ತಿರುವ ಟೋಪಿಯ ಯಜಮಾನರೊಬ್ಬರು ಆಟದ ನಿಯಮಗಳನ್ನು ಅವರಿಗೆ ಒಂದೊಂದಾಗಿ ವಿವರಿಸುತ್ತಿದ್ದಾರೆ. ಮಿರಾನ್ ಹೌದೇ ಹೌದೇ ಎಂದು ಕೇಳಿಸಿಕೊಳ್ಳುತ್ತಿದ್ದಾರೆ. ಯುಲ್ ಬುಟ್ಟಿಯ ಮೇಲೆ ಬುಟ್ಟಿ ಹಾಕುತ್ತಾಳೆ. ಮಾಸಾನ್ ಬೆನ್ನಟ್ಟುತ್ತಲೇ ಇರುತ್ತದೆ. ಕೊನೆಯ ಗಳಿಗೆಯಲ್ಲಿ ಸೆರಿನ್ ಬಲಕ್ಕೆ ನೋಡುತ್ತ, ಎಡಕ್ಕೆ ತಿರುಗದೆಯೇ, “ಸೊಹೀ, ಓಡು!” ಎಂದು ಗುಡುಗುತ್ತಾಳೆ. ಚೆಂಡು ಖಾಲಿ ಜಾಗಕ್ಕೆ ಹಾರುತ್ತದೆ. ಸೊಹೀ ಅಲ್ಲಿರುತ್ತಾಳೆ. ಒಂದು ಅಂಕದಿಂದ ಮಾಸಾನ್ ಗೆಲ್ಲುತ್ತದೆ.

ಯಜಮಾನರು ಎದ್ದು ಟೋಪಿ ಬೀಸುತ್ತಾರೆ. ಕೂತ ಮೇಲೆ ಮಿರಾನ್ ಕಡೆ ವಾಲಿ, ಗುಟ್ಟು ಹೇಳುವವರಂತೆ ಹೇಳುತ್ತಾರೆ. “ಆ ಸೆರಿನ್ ಇದಾಳಲ್ಲ, ಅವಳು ಸ್ಕೂಲಲ್ಲಿದ್ದಾಗಲೇ ಹೇಳಿದ್ದೆ ನಾನು, ಈ ಹುಡುಗಿ ಮುಂದೆ ಬರ್ತಾಳೆ ಅಂತ. ಒಬ್ಬರೂ ನಂಬಲಿಲ್ಲ ನೋಡಿ.”

ಅವರು ಚಾಚಿದ ಪೊಟ್ಟಣದಿಂದ ಮಿರಾನ್ ಮೀನಿನ ಒಂದು ಎಳೆ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ.

“ಒಳ್ಳೆ ಕಣ್ಣು ಕಣ್ರೀ ನಿಮ್ಮದು” ಅನ್ನುತ್ತಾರೆ. “ನಂಗೂ ಅವಳು ಮೊದಲಿಂದ ಇಷ್ಟ.”