ಸುಣ್ಣ ಹಚ್ಚಿದ ಕಳಾವರ ಐದು

ಮಾವನ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು. ಕತ್ತರಿಸಲು ಮರೆತ ಉಗುರಲ್ಲ ಅದು, ಸಾಕಿದ ಉಗುರು. ಭಾನುವಾರ ಮುಂಜಾನೆ ಕಿಟಕಿಯ ಬೆಳಕಿಗೆ ಕೂತು ಅದರ ಅಂಚನ್ನು ಉಜ್ಜಿ ಚೂಪು ಮಾಡುತ್ತಿದ್ದರು. ತಂಬಾಕಿಗೆ ಸುಣ್ಣ ತೀಡಿ ತೀಡಿ ಅದು ಹಳದಿಗಟ್ಟಿತ್ತು, ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಸುಣ್ಣ ಅಂಟಿಕೊಂಡಿರುತ್ತಿತ್ತು. ಊಟಕ್ಕೆ ಕೂತಾಗ ಆ ಉಗುರು ಸಾರಿನಲ್ಲಿ ಅದ್ದುವುದನ್ನು ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ.

ಅವರು ನನ್ನ ಸೋದರತ್ತೆಯ ಗಂಡ. ವಿಜಯಪುರದಿಂದ ಬಂದು ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ನಾನು ವಿಮಾನ ನಿಲ್ದಾಣದ ಬಳಿ ಸರಕು ಸಾಗಣೆ ಕಂಪನಿಯ ಕೆಲಸಕ್ಕೆಂದು ಲಂಡನ್ನಿಗೆ ಬಂದಾಗ ಮೊದಲ ವರ್ಷ ಇದ್ದದ್ದು ಹ್ಯಾರೋದ ಅವರ ಮನೆಯಲ್ಲೇ. ಆಮೇಲೆ ಹೌನ್ಸ್ಲೋದಲ್ಲಿ ಫ್ಲ್ಯಾಟ್ ಹಿಡಿದೆನಾದರೂ ವಾರಕ್ಕೊಮ್ಮೆ ಬರುವುದು ತಪ್ಪಲಿಲ್ಲ. ಬರುತ್ತಿದ್ದುದು ಅತ್ತೆಗಾಗಿ. ಮಾವನ ಮೇಲೆ ನನಗೆ ಯಾವತ್ತೂ ಗೌರವ ಹುಟ್ಟಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುವವರು ಬೇರೆ ಯಾರ ಹತ್ತಿರವಾದರೂ ಬರೆಸಿಕೊಳ್ಳಲಿ.

ಆ ಉಗುರಿನ ನಿಜವಾದ ಉದ್ಯೋಗ ದೀಪಾವಳಿಗೆ ಗೊತ್ತಾಗುತ್ತಿತ್ತು. ಹಬ್ಬದ ಮಧ್ಯಾಹ್ನ ಊಟ ಮುಗಿದ ಮೇಲೆ ಸೋಫಾ ಸರಿಸಿ, ಜಮಖಾನೆ ಹಾಸಿ, ನೆಂಟರೆಲ್ಲ ಇಸ್ಪೀಟಿಗೆ ಕೂರುವುದು ಆ ಮನೆಯ ಪದ್ಧತಿ. ಮಾವ ಎಕ್ಕಗಳ ಬೆನ್ನಿಗೆ ಉಗುರಿನಿಂದ ಸಣ್ಣ ಗೀರು ಎಳೆಯುತ್ತಿದ್ದರು. ಜೋಕರಿಗೆ ಮೂಲೆಯಲ್ಲಿ ಗೀರು, ರಾಣಿಗೆ ನಡುವೆ. ಎದುರಿನವರ ಕೈಯಲ್ಲಿ ಏನಿದೆಯೆಂದು ಬೆನ್ನು ನೋಡಿಯೇ ಓದಿ, ಗೆದ್ದು, ಗೆದ್ದ ಚಿಲ್ಲರೆಯನ್ನು ತೊಡೆಯ ಕೆಳಗೆ ತಳ್ಳಿ, ‘ನೋಡಾಕ ಕಣ್ಣ ಬೇಕವ್ವಾ, ಕಣ್ಣ!’ ಎಂದು ಹುಬ್ಬು ಕುಣಿಸುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ನಾದಿನಿಯರಿಗೆ ಗೊತ್ತಿತ್ತು, ಷಡ್ಡಕರಿಗೆ ಗೊತ್ತಿತ್ತು, ಇಂಗ್ಲಿಷಿನಲ್ಲೇ ಮಾತಾಡುವ ಮಕ್ಕಳಿಗೂ ಗೊತ್ತಿತ್ತು. ಹಿರಿಯರು, ಹಬ್ಬದ ದಿನ, ಹೋಗಲಿ ಬಿಡು ಎಂದು ಎಲ್ಲರೂ ಕಂಡೂ ಕಾಣದಂತೆ ಸೋಲುತ್ತಿದ್ದರು. ವರ್ಷಗಟ್ಟಲೆ ಹೀಗೆ ಸೋತುಕೊಟ್ಟು, ತಾವು ಭಾರೀ ಆಟಗಾರರೆಂಬ ಭ್ರಮೆಯನ್ನು ಅವರ ತಲೆಗೆ ಏರಿಸಿದವರು ನಾವೇ.

ನಿವೃತ್ತಿಯ ಮೇಲೆ ಆ ಭ್ರಮೆ ಅವರನ್ನು ಮೆಟ್ರೊಪಾಲಿಟನ್ ಲೈನ್ ಹತ್ತಿಸಿ ಪೇಟೆಯ ನಡುವಿನ ಒಂದು ಕ್ಯಾಸಿನೋಗೆ ಕರೆದೊಯ್ದಿತು. ಅಲ್ಲಿ ಬ್ಲ್ಯಾಕ್‌ಜಾಕ್. ಆಟ ಸರಳ: ಎಲೆಗಳ ಬೆಲೆ ಕೂಡಿ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು, ಕ್ಯಾಸಿನೋ ಕಡೆಯಿಂದ ಎಲೆ ಹಾಕುವವರಿಗಿಂತ ಮುಂದಿರಬೇಕು. ಮಾವ ಸೋತರು. ಮತ್ತೆ ಹೋದರು, ಮತ್ತೆ ಸೋತರು. ಬೇರೆ ಯಾರಾದರೂ ಆಗಿದ್ದರೆ ಇದು ತಮ್ಮಿಂದಾಗದ ಕೆಲಸ ಅಂದುಕೊಳ್ಳುತ್ತಿದ್ದರು. ಮಾವ ಕಂಡುಕೊಂಡ ಸತ್ಯವೇ ಬೇರೆ. ಕ್ಯಾಸಿನೋದವರು ಮೋಸ ಮಾಡುತ್ತಿದ್ದಾರೆ.

‘ಎಲಿ ತಿದ್ಯಾರ’ ಎಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದರು. ‘ಎಲಿ ಇಡೋ ಆ ಕರೀ ಪೆಟಗ್ಯಾಗ ಹತ್ತಿನ ಎಲಿ ಕಡಿಮಿ ಹಾಕ್ಯಾರ, ಐದಿನ ಎಲಿ ಜಾಸ್ತಿ ಹಾಕ್ಯಾರ. ಅಂಚು ಸವರ್ಯಾರ. ಆಡಾವ್ರಿಗೆ ಎಲಿ ಮುಟ್ಟಾಕ ಯಾಕ ಬಿಡಂಗಿಲ್ಲ ಹೇಳು? ಮುಟ್ಟಿದ್ರ ಗೊತ್ತಾಗ್ತೈತಿ!’

‘ನಿಮ್ಮಂಥಾವ್ರು ಬರ್ತಾರಂತ ಬಿಡಂಗಿಲ್ಲ, ಮಾಮಾ’ ಎಂದೆ ಒಮ್ಮೆ. ಅವರಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ನನಗೆ ಕ್ಯಾಸಿನೋದ ಮೇಲೂ ಪ್ರೀತಿಯೇನಿಲ್ಲ. ಗಡಿಯಾರವಿಲ್ಲದ ಗೋಡೆ, ಕಾಲು ಹೂತುಹೋಗುವ ಕಾರ್ಪೆಟ್, ಸೋಲುವವರಿಗೆ ಪುಕ್ಕಟೆ ಚಹಾ. ಆದರೆ ಅವರು ಎಲೆ ತಿದ್ದುವಷ್ಟು ಶ್ರಮ ಪಡುವವರಲ್ಲ. ಮೊದಲು ಎಲೆ ಕೇಳಬೇಕಾದವರು ನೀವು. ಇಪ್ಪತ್ತೊಂದು ದಾಟಿದಿರೋ, ಆ ಕ್ಷಣವೇ ನಿಮ್ಮ ದುಡ್ಡು ಗೋವಿಂದ. ಆಮೇಲೆ ಅವರೂ ದಾಟಿದರೆ ನಿಮಗೇನೂ ವಾಪಸು ಬರುವುದಿಲ್ಲ. ಇಷ್ಟು ಸಾಕು ಅವರ ಹೊಟ್ಟೆ ತುಂಬಲು. ನಿಯಮವನ್ನು ಎಲ್ಲರಿಗೂ ಕಾಣುವಂತೆ ಹೇಳಿ, ಹಗಲಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ದೋಚುತ್ತಾರೆ. ಇದನ್ನು ನಾನು ಬಿಡಿಸಿ ಹೇಳಿದಾಗ ಮಾವ ನನ್ನನ್ನು ಪಾಪದ ಪ್ರಾಣಿಯನ್ನು ನೋಡುವಂತೆ ನೋಡಿದರು.

ಇದೆಲ್ಲ ಬರೀ ಅವರ ಹುಚ್ಚಾಗಿದ್ದರೆ ನಗಾಡಿ ಬಿಡಬಹುದಿತ್ತು. ಅತ್ತೆ ಆ ಮನೆಯ ಸಣ್ಣ ಅಡುಗೆಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಹ್ಯಾರೋದಿಂದ ಹೌನ್ಸ್ಲೋವರೆಗಿನ ಕನ್ನಡದ ಮನೆಗಳಿಗೆ ಕೊಡುತ್ತಿದ್ದರು. ಗ್ರೀನ್‌ಫರ್ಡಿನಲ್ಲಿ ಒಂದು ಸಣ್ಣ ಬಾಡಿಗೆ ಅಡುಗೆಮನೆ ಹಿಡಿಯಬೇಕು, ದೊಡ್ಡ ಹಂಚು ಹಾಕಬೇಕು, ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬುದು ಅವರ ಬಹಳ ದಿನದ ಆಸೆ. ಜಾಗ ಸಿಕ್ಕಿತ್ತು. ಕೌನ್ಸಿಲಿನವರು ಬಂದು ನೋಡಿ ಹೂಂ ಅಂದಿದ್ದರು. ಮುಂಗಡಕ್ಕೆಂದು ಕೂಡಿಟ್ಟದ್ದು ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆಯಲ್ಲಿತ್ತು. ಮಾವ ಅದನ್ನು ಯಾರಿಗೂ ಹೇಳದೆ ತೆಗೆದುಕೊಂಡು ಹೋಗಿ ಆ ಹಸಿರು ಮೇಜಿನ ಮೇಲೆ ಸುರಿದು ಬಂದರು.

ಬಂದವರು ತಲೆ ತಗ್ಗಿಸಲಿಲ್ಲ. ಕೂಗಾಡಿದರು. ‘ಕಳ್ಳರು! ಹಾಡಹಗಲ ಕಳ್ಳತನ! ನಾ ಬಿಡಾಂವಲ್ಲ, ಪುರಾವೆ ಸಮೇತ ಹಿಡೀತೀನಿ, ಎಲ್ಲಾ ರೊಕ್ಕ ತಿರುಗಿ ತರ್ತೀನಿ!’

ಅತ್ತೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ‘ಅವರ ಮನಿ ಹಾಳಾಗ’ ಎಂದು ಕ್ಯಾಸಿನೋದವರಿಗೆ ಶಾಪ ಹಾಕಿದರು. ಗಂಡನಿಗೆ ಒಂದು ಮಾತು ಅನ್ನಲಿಲ್ಲ. ನನಗೆ ಮೈ ಉರಿದುಹೋಯಿತು. ಜಾಗದ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು, ಅದಾದ ಮೇಲೆ ಬೇಕರಿಯವರಿಗೆ ಕೊಡುವವರಿದ್ದರು. ಅಷ್ಟರೊಳಗೆ ಗಂಡ ಮೋಸವನ್ನು ಹಿಡಿದು ಹಣ ವಾಪಸು ತರುತ್ತಾರೆಂದು ಅತ್ತೆ ನಿಜವಾಗಿಯೂ ಕಾದರು.

ಪುರಾವೆಗೆ ಸಾಕ್ಷಿ ಬೇಕಲ್ಲ. ಒಂದು ಶನಿವಾರ ಮಧ್ಯಾಹ್ನ ಮಾವ ನನ್ನನ್ನು ಹೊರಡಿಸಿದರು. ಅತ್ತೆ, ‘ಹೋಗವ್ವಾ, ನೀ ಒಬ್ಬಾಕಿ ಇದ್ರ ಅವ್ರಿಗೂ ಧೈರ್ಯ’ ಎಂದು ಕೈ ಹಿಡಿದು ಕೇಳಿದ್ದಕ್ಕೆ ಹೋದೆ. ಟ್ರೈನಿನಲ್ಲಿ ಮಾವ ತಮ್ಮ ಉಪಾಯವನ್ನು ಬಿಚ್ಚಿದರು. ಕಳಾವರ ಐದಕ್ಕೆ ಗುರುತು ಹಾಕುವುದು. ಕಪ್ಪು ಕಳಾವರದ ಮೇಲೆ ಬಿಳಿ ಸುಣ್ಣದ ಚುಕ್ಕೆ. ಒಮ್ಮೆ ಆಡಿದ ಎಲೆ ಕಟ್ಟು ಮುಗಿಯುವವರೆಗೆ ಮತ್ತೆ ಬರಬಾರದು. ಅದೇ ಐದು ನಡುವೆ ಮತ್ತೆ ಬಂದಿತೋ, ಬೇಕಾದಾಗ ಬೇಕಾದ ಎಲೆ ಹೊರಗೆ ತಳ್ಳುತ್ತಾರೆಂದು ಸಾಬೀತಾಯಿತು. ಹೇಳುತ್ತ ಹೇಳುತ್ತ ಡಬ್ಬಿ ತೆಗೆದು ಉಗುರಿನ ತುಂಬ ಸುಣ್ಣ ತುಂಬಿಕೊಂಡರು. ಎದುರು ಕೂತಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

‘ಮಾಮಾ, ಗುರುತು ಹಾಕೋದ ಅಪರಾಧ ಅಲ್ಲೇನು?’

‘ಕಳ್ಳರನ್ನ ಹಿಡಿಯಾಕ ಹಾಕಿದ್ರ ಹೆಂಗ ಅಪರಾಧ ಆಗ್ತೈತಿ? ಸುಮ್ನ ನೋಡ್ತಿರು.’

ನೋಡಿದೆ. ಮೇಜಿನ ಹಿಂದೆ ಒಬ್ಬ ಹುಡುಗಿ ಆ ಕಪ್ಪು ಪೆಟ್ಟಿಗೆಯಿಂದ ಎಲೆ ಎಳೆದು ಎಲ್ಲರ ಮುಂದೆ ಮುಖ ಮೇಲಾಗಿ ಇಡುತ್ತಿದ್ದಳು. ಕಳಾವರ ಐದು ಮಾವನ ಮುಂದೆ ಬಂದಾಗ ಅವರು ಪಣದ ಬಿಲ್ಲೆ ಸರಿಸುವ ನೆಪದಲ್ಲಿ ಕೈ ಚಾಚಿ ಉಗುರು ಒತ್ತಿಯೇಬಿಟ್ಟರು. ‘ಎಲೆ ಮುಟ್ಟಬೇಡಿ ಸರ್’ ಎಂದಳು ಆಕೆ ಇಂಗ್ಲಿಷಿನಲ್ಲಿ. ಮಾವ ಹಲ್ಲು ಕಿಸಿದು ಸಾರಿ ಅಂದರು. ಕಳಾವರದ ಮೇಲೆ ಸಾಸಿವೆಯಷ್ಟು ಬಿಳುಪು ಕೂತಿತ್ತು. ಆಕೆ ಆಡಿದ ಎಲೆಗಳನ್ನು ಬಾಚಿ ಅದೇ ಪೆಟ್ಟಿಗೆಯ ಹಿಂಬದಿಗೆ ತುರುಕಿದಳು. ನಾನು ನೋಡಿದೆ. ಕಣ್ಣಿನ ಬಗ್ಗೆ ಅಷ್ಟು ಜಂಬ ಕೊಚ್ಚುವ ಮಾವ ಅದನ್ನು ನೋಡಲಿಲ್ಲ. ಚಹಾ ತಂದವನಿಗೆ ಸಕ್ಕರೆ ಹೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಹುಡುಗಿಯ ಮುಂದಿನ ಎಲೆಗಳು ಕೂಡಿ ಹದಿನಾರು ಆದವು. ಮತ್ತೊಂದು ಎಲೆ ಎಳೆದಳು. ಕಳಾವರ ಐದು, ಅದರ ಮೇಲೆ ಬಿಳಿ ಚುಕ್ಕೆ. ಇಪ್ಪತ್ತೊಂದು.

‘ಅದಽ! ಅದಽ ಐತಿ ನೋಡು!’ ಮಾವ ಕುರ್ಚಿ ಬೀಳಿಸಿ ಎದ್ದರು. ಇಡೀ ಸಭಾಂಗಣ ತಿರುಗಿ ನೋಡಿತು. ಕಪ್ಪು ಸೂಟಿನ ಮ್ಯಾನೇಜರ್ ಬಂದು, ಏನು ತೊಂದರೆ ಸರ್ ಎಂದು ಮೆತ್ತಗೆ ವಿಚಾರಿಸಿದ. ಮಾವ ಗಂಟಲು ಹರಿಯುವಂತೆ ಇಂಗ್ಲಿಷಿನಲ್ಲಿ, ಈ ಎಲೆ ಆಗಲೇ ಬಂದು ಹೋಗಿದೆ, ನೀವು ಮತ್ತೆ ತಳ್ಳಿದ್ದೀರಿ, ನನ್ನ ಹತ್ತಿರ ಪುರಾವೆ ಇದೆ, ಅದರ ಮೇಲಿನ ಗುರುತು ನೋಡಿ ಎಂದರು.

‘ಈ ಗುರುತು ಹಾಕಿದ್ದು ಯಾರು ಸರ್?’

‘ನಾನೇ! ಇದೇ ಉಗುರಿನಿಂದ!’ ಎಂದು ಹೆಬ್ಬೆರಳನ್ನು ಮ್ಯಾನೇಜರನ ಮೂಗಿನ ಹತ್ತಿರ ಹಿಡಿದರು.

ನನಗೆ ನಾಚಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಖುಷಿಯಾಯಿತು. ಜಮಖಾನೆಯ ಮೇಲೆ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೂ ಒಬ್ಬ ಕೇಳಿದ್ದ. ಮ್ಯಾನೇಜರ್ ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ. ಆ ಕಪ್ಪು ಪೆಟ್ಟಿಗೆ ಒಂದು ಯಂತ್ರ, ಅದು ಆಡಿದ ಎಲೆಗಳನ್ನು ಆಗಿಂದಾಗ್ಗೆ ಉಳಿದವುಗಳೊಡನೆ ಬೆರೆಸುತ್ತದೆ, ಆದ್ದರಿಂದ ಅದೇ ಎಲೆ ಎಷ್ಟು ಸಲ ಬೇಕಾದರೂ ಬರಬಹುದು, ಮೇಜಿನ ಪಕ್ಕದ ಫಲಕದಲ್ಲೇ ಇದನ್ನು ಬರೆದಿದೆ ಎಂದು ವಿವರಿಸಿದ. ಪೊಲೀಸರನ್ನು ಕರೆಯುವುದಿಲ್ಲ, ಆದರೆ ಇನ್ನು ಮುಂದೆ ಇಲ್ಲಿಗೆ ಬರುವಂತಿಲ್ಲ ಎಂದ. ಮಾವನ ಫೋಟೋ ತೆಗೆದುಕೊಂಡರು. ಅವರು ಕಾಲರ್ ಸರಿಮಾಡಿಕೊಂಡು ಫೋಟೋಕ್ಕೆ ಕೂತರು.

ಮನೆಗೆ ಬಂದವರೇ, ‘ಹೆದರಿದ್ರು ನೋಡು! ನನ್ನ ಒಳಗ ಬಿಟ್ಟುಕೊಂಡ್ರ ಬಂಡವಾಳ ಬಯಲಾಗ್ತೈತಂತ ಬರಬ್ಯಾಡ ಅಂದ್ರು’ ಎಂದು ಅತ್ತೆಗೆ ಹೇಳಿದರು. ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿ, ‘ಹೌದೇನ?’ ಎಂದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಂತ್ರ, ಫಲಕ, ಸುಣ್ಣ, ಎಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡು, ‘ಕೈಕಾಲು ತೊಳ್ಕೊಂಡು ಊಟಕ್ಕ ಬರ್ರಿ’ ಅಂದರು. ತಿಂಗಳು ಮುಗಿಯಿತು, ಜಾಗ ಬೇಕರಿಯ ಪಾಲಾಯಿತು.

ಆಮೇಲೆ ಶುರುವಾದದ್ದು ಪುರಾಣ. ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ, ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ, ಮಾವ ಕ್ಯಾಸಿನೋದವರ ಮೋಸವನ್ನು ಒಬ್ಬರೇ ಬಯಲಿಗೆಳೆದ ಕಥೆ ಹೇಳುತ್ತಿದ್ದರು. ಬೆಂಗಳೂರಿನ ಐಟಿ ಹುಡುಗರು ಬಾಯಿ ಬಿಟ್ಟುಕೊಂಡು, ‘ಸೂಪರ್ ಅಂಕಲ್, ಹಂಗೆ ಆಗ್ಬೇಕು ಅವ್ರಿಗೆ!’ ಅನ್ನುತ್ತಿದ್ದರು. ಅತ್ತೆಯೂ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. ಮಾವನ ಮೇಲಿನ ನನ್ನ ತಿರಸ್ಕಾರದಲ್ಲಿ ಒಂದು ಪಾಲು ಅತ್ತೆಗೂ ಹೋಗತೊಡಗಿತು. ಎಲ್ಲ ಗೊತ್ತಿದ್ದೂ ಹೀಗೆ ತಲೆಯಾಡಿಸುವುದು ಯಾವ ಸಂಪತ್ತಿಗೆ ಎಂದು ಅರ್ಥವಾಗುತ್ತಿರಲಿಲ್ಲ.

ಹೋದ ವರ್ಷ ಮಾವನಿಗೆ ಹೃದಯದ ತೊಂದರೆ ಹೆಚ್ಚಿ ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ಅತ್ತೆ ಗಂಜಿ ಕುಡಿಸುತ್ತಿದ್ದಾಗ ಮಾವ ನನ್ನನ್ನು ಹತ್ತಿರ ಕರೆದು, ‘ನೀನೂ ಇದ್ದೆಲ್ಲ. ಎಲಿ ಸರಿ ಇರಲಿಲ್ಲ ಅಂತ ಈಕಿಗೆ ಒಮ್ಮೆ ಹೇಳವ್ವಾ’ ಎಂದರು. ಸಾಯುವ ಮನುಷ್ಯ. ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ಆದರೆ ಆ ಕೊನೆಯ ಆಟವನ್ನೂ ಸೋತುಕೊಡಲು ನನಗೆ ಮನಸ್ಸಾಗಲಿಲ್ಲ.

‘ಎಲಿ ಸರಿ ಇದ್ವು, ಮಾಮಾ’ ಎಂದೆ.

ಅವರು ಗೋಡೆಯ ಕಡೆ ಹೊರಳಿದರು. ಅತ್ತೆ ಚಮಚದಲ್ಲಿದ್ದ ಗಂಜಿಯನ್ನು ಬಟ್ಟಲಿಗೆ ಸುರಿದರು. ಆ ವಾರವೇ ಮಾವ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಕೆಲವರು ಮಾತಾಡಿಸಲು ಬಂದಿದ್ದರು. ಹಾಲ್‌ನಲ್ಲಿ ಮತ್ತದೇ ಕಥೆ ಎದ್ದಿತು. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ, ‘ಅತ್ತಿ, ಅವರು ಹ್ವಾದ್ರು. ಇನ್ನಾದ್ರೂ ಈ ಸುಳ್ಳು ಸಾಕು ಮಾಡ್ರಿ. ನಿಮಗ ನಿಜ ಗೊತ್ತೈತಿ’ ಎಂದೆ.

ಅತ್ತೆ ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆಯದೆ ಹೇಳಿದರು. ‘ಗೊತ್ತೈತಿ. ನೀ ಹೇಳೋಕ್ಕಿಂತ ಮೊದಲ ಗೊತ್ತಿತ್ತು. ಕ್ಯಾಸಿನೋದವ್ರು ಕದ್ರು ಅಂದ್ರ ಯಾರೋ ಕಳ್ಳರು ಒಯ್ದ್ರು ಅಂತ ಸುಮ್ನಿರಬಹುದು. ಅವ್ರು ಕದೀಲಿಲ್ಲ ಅಂದ್ರ ಕದ್ದಾವ್ರ ಸಂಗಾಟನ ನಾ ಇಷ್ಟು ವರ್ಷ ಉಂಡು ಮಲಗಬೇಕಿತ್ತು. ಎಲ್ಲಿಗೆ ಹೋಗ್ತಿದ್ದೆ, ಹೇಳು?’

ಚಹಾದ ತಟ್ಟೆ ಹಿಡಿದುಕೊಂಡು ಹೊರಗೆ ಬಂದೆ. ಬಂದಿದ್ದ ಐಟಿ ಹುಡುಗರಲ್ಲೊಬ್ಬ, ‘ಅಕ್ಕ, ಅವತ್ತು ನೀವೂ ಜೊತೇಲಿದ್ರಂತೆ? ನಿಜವಾಗ್ಲೂ ಕಾರ್ಡ್ಸ್ ತಿದ್ದಿದ್ರಾ?’ ಎಂದು ಕೇಳಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

‘ಹೌದು, ತಿದ್ದಿದ್ರು. ನಾನೇ ಕಣ್ಣಾರೆ ನೋಡಿದ್ದೀನಿ’ ಎಂದೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.